ಚಕಮಕಿ ರೈಫಲ್‌ಗೆ ಎಷ್ಟುದ್ದದ ನಳಿಗೆ? 42ರಿಂದ 38 ಇಂಚಿಗೆ ಇಳಿದ ಕೆಲಸದ ಲೆಕ್ಕ

ನಳಿಗೆ ಕತ್ತರಿಸಿ ಆಯಿತು. 42 ಇಂಚು ಇದ್ದದ್ದು ಈಗ 38. ಒಟ್ಟು ನಾಲ್ಕು ಇಂಚು ಹೋಯಿತು, ತೂಕದಲ್ಲಿ 270 ಗ್ರಾಂ ಚಿಲ್ಲರೆ. ಇಷ್ಟಕ್ಕೇ ಜೂನ್‌ನಿಂದ ಅಕ್ಟೋಬರ್‌ವರೆಗೆ ಎಳೆದಾಡಿದ್ದೇನೆ. ಅಮೆರಿಕದಲ್ಲೇ ಇರುವ ಒಂದಿಬ್ಬರು ಗೆಳೆಯರು ಅಳತೆ ಕೇಳುತ್ತಿದ್ದರು, ಅದಕ್ಕೆ ಎಲ್ಲಾ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲು ಎಲ್ಲಿ, ಯಾಕೆ ಅನ್ನುವುದು. ನಾನಿರುವುದು ಪೆನ್ಸಿಲ್ವೇನಿಯಾದ ನಡುಭಾಗದ ಗುಡ್ಡಗಳ ಕಡೆ. ಇಲ್ಲಿ ಕ್ರಿಸ್‌ಮಸ್ ಮುಗಿದ ಕೂಡಲೇ ಬಿಳಿಬಾಲದ ಜಿಂಕೆಗೆ ಬಾಯಿಂದ ಮದ್ದು ತುಂಬುವ ಕೋವಿಯ ಸೀಸನ್ ಬರುತ್ತದೆ. ಕೋವಿ ಚಕಮಕಿ ಕಲ್ಲಿನದ್ದೇ ಆಗಿರಬೇಕು, ಕೇಪಿನದ್ದು ನಡೆಯುವುದಿಲ್ಲ. ಕ್ಯಾಲಿಬರ್, ಅಂದರೆ ನಳಿಗೆಯ ಒಳಗಿನ ಅಗಲ, .44 ಇಂಚಿಗಿಂತ ಕಡಿಮೆ ಇರಬಾರದು. 1974ರಿಂದ ನಡೆದುಬಂದ ಪದ್ಧತಿ ಇದು. ಊರಲ್ಲಿ ಲೈಸೆನ್ಸ್ ಪುಸ್ತಕದಲ್ಲಿ ಎಸ್‌ಬಿಎಂಎಲ್ ಅಂತ ಬರೆದಿರುತ್ತಾರಲ್ಲ, ಆ ಒಂಟಿ ನಳಿಗೆಯ ಕೇಪಿನ ಕೋವಿ, ಅದರ ಒಳಗೆ ನುಣ್ಣಗಿರುತ್ತದೆ, ಚರೆ ಹೊಡೆಯಲಿಕ್ಕೆ. ಇದು ರೈಫಲ್, ಒಳಗೆ ಸುರುಳಿ ಗೀರು ಇದೆ, ಒಂದೇ ಸೀಸದ ಗುಂಡು. ಊರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾನೂನು ಬಂದ ಮೇಲೆ ಕೋವಿಗೆ ಉಳಿದ ಕೆಲಸ ಬೆಳೆ ಕಾಯುವುದು, ಇಲ್ಲವೇ ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂರುವುದು. ಹಾಗಾಗಿ ಈ ಬರಹದಲ್ಲಿರುವುದೆಲ್ಲ ಇಲ್ಲಿನ ಕಾಡಿಗೆ, ಇಲ್ಲಿನ ನಿಯಮಕ್ಕೆ ಸಂಬಂಧಪಟ್ಟದ್ದು.

ಜೂನ್: ಕೈಯಲ್ಲಿ ಏನಿತ್ತು

ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕ ನಳಿಗೆ, 140 ಡಾಲರ್. .50 ಕ್ಯಾಲಿಬರ್, ಉದ್ದ 42 ಇಂಚು, ಹೊರಗೆ ಎಂಟು ಮುಖ, ಒಂದು ಮುಖದಿಂದ ಎದುರಿನ ಮುಖಕ್ಕೆ 15/16 ಇಂಚು. ಬುಡದಿಂದ ಬಾಯಿತನಕ ಒಂದೇ ದಪ್ಪ. ಗೀರು 66 ಇಂಚಿಗೆ ಒಂದು ಸುತ್ತು, ಅಂದರೆ ಬಟ್ಟೆ ಸುತ್ತಿದ ಉರುಟು ಗುಂಡಿಗೆ ಹೇಳಿದ್ದು. ಉದ್ದನೆಯ ಮೊನೆಗುಂಡು ಹೊಡೆಯಬೇಕಿದ್ದರೆ 24ರಿಂದ 28 ಇಂಚಿಗೆ ಒಂದು ಸುತ್ತಿರುವುದು ಬೇಕು. ಅದು ಬೇರೆ ದಾರಿ, ನನಗೆ ಬೇಡ.

ಅರೆಬರೆ ಕೆತ್ತಿದ ಮೇಪಲ್ ಮರದ ಹಿಡಿ, ಒಂದು ಚಕಮಕಿ ಲಾಕು (ಕಲ್ಲು ಬಡಿದು ಕಿಡಿ ಹಾರಿಸುವ ಭಾಗ), ಟ್ರಿಗರ್ ಇವೆಲ್ಲ ಮೊದಲೇ ಕೊಂಡಿಟ್ಟಿದ್ದೆ. ಮರ 42 ಇಂಚಿನ ನಳಿಗೆಗೇ ಮಾಡಿದ್ದು. ಸುಮ್ನೆ ಹಾಗೇ ಕೂರಿಸಿಬಿಡಬಹುದಿತ್ತು. ಇಲ್ಲಿನ ಹಳೇ ಲ್ಯಾಂಕಾಸ್ಟರ್ ರೈಫಲ್‌ಗಳೂ 42, 44, 46 ಇಂಚಿನವೇ. ಅವನ್ನು ಮಾಡಿದ ಜರ್ಮನ್ ಕಮ್ಮಾರರು ತಮ್ಮ ಊರಿಂದ ತಂದ ಯೇಗರ್ ರೈಫಲ್ ಮಾತ್ರ 30 ಇಂಚಿನ ಆಸುಪಾಸಿನದು, ಗಿಡ್ಡ, ದಪ್ಪ. ಈ ಕಡೆ ಬಂದು ಎರಡು ತಲೆಮಾರಿನಲ್ಲಿ ಒಂದಡಿ ಉದ್ದವಾಯಿತು. ಆಮೇಲೆ ಸೇಂಟ್ ಲೂಯಿಸ್‌ನ ಹಾಕೆನ್ ಅಣ್ಣತಮ್ಮಂದಿರ ಕಾಲಕ್ಕೆ, ಕುದುರೆ ಮೇಲೆ ಹೋಗುವವರಿಗೆ ಅಂತ ಮತ್ತೆ ಗಿಡ್ಡವಾಯಿತು. 1970ರಲ್ಲಿ ಕಾರ್ಖಾನೆಯವರು ಅದೇ ಹಾಕೆನ್ ಹೆಸರಿಟ್ಟು ಮಾಡಿದ್ದು ಬರೀ 28 ಇಂಚು. ಎಲ್ಲಾ ಉದ್ದದಲ್ಲೂ ಜನ ಜಿಂಕೆ ಹೊಡೆದಿದ್ದಾರೆ. ಅಂದಮೇಲೆ ಇಂಥದ್ದೇ ಸರಿ ಅಂತ ಚರಿತ್ರೆ ನೋಡಿ ಹೇಳಲಿಕ್ಕೆ ಬರುವುದಿಲ್ಲ.

ತೊಂದರೆ ಶುರುವಾದದ್ದು ತೂಕದಿಂದ. ಈ ದಪ್ಪದ .50 ನಳಿಗೆ ಇಂಚಿಗೆ 68 ಗ್ರಾಂ ತೂಗುತ್ತದೆ. 42 ಇಂಚಿಗೆ 2.87 ಕೆಜಿ, ಬರೀ ನಳಿಗೆ. ಅದೇ 7/8 ಇಂಚಿನದಾಗಿದ್ದರೆ ಇಂಚಿಗೆ 56 ಗ್ರಾಂ ಮಾತ್ರ. ಹಳಬರ ಒಳ್ಳೇ ನಳಿಗೆಗಳು ಬುಡದಲ್ಲಿ ದಪ್ಪ, ಮುಂದೆ ಹೋಗುತ್ತಾ ಸಣ್ಣ, ಬಾಯಿ ಹತ್ತಿರ ಮತ್ತೆ ಒಂಚೂರು ಅಗಲ. ಅಂಥದು 44 ಇಂಚಿದ್ದರೂ ಕೈಗೆ ಹಗುರ. ಆದರೆ ಅದನ್ನು ಬಾಯಿಂದ ಕತ್ತರಿಸಿದರೆ ಆ ಅಂದವೂ ಹೋಯಿತು, ತೂಕದ ಹಂಚಿಕೆಯೂ ಕೆಟ್ಟಿತು. ನನ್ನದು ಸಪಾಟು ನಳಿಗೆ. ಕತ್ತರಿಸಲಿಕ್ಕೆ ಸುಲಭ, ಹೊರಲಿಕ್ಕೆ ಕಷ್ಟ.

ಜುಲೈ: ಕಂಬಿ ಮತ್ತು ಪೈಪಿನ ಸುಳ್ಳು ಕೋವಿ

ನಿಜವಾದ ನಳಿಗೆ ಕತ್ತರಿಸುವ ಮೊದಲು ಯಾವ ಉದ್ದ ಸರಿ ಅಂತ ನೋಡಲಿಕ್ಕೆ ಒಂದು ಸುಳ್ಳು ಕೋವಿ ಮಾಡಿದೆ. ಇಡೀ ಕೆಲಸದಲ್ಲಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಇದೇ, ಖರ್ಚು ಬರೀ 15 ಡಾಲರ್.

ಕಾಂಕ್ರೀಟಿಗೆ ಹಾಕುವ ಮುಕ್ಕಾಲು ಇಂಚಿನ ಕಂಬಿ ಇಂಚಿಗೆ 57 ಗ್ರಾಂ. ಒಂದಿಂಚಿನ ನೀರಿನ ಪಿವಿಸಿ ಪೈಪು, ದಪ್ಪನೆಯದು, ಇಂಚಿಗೆ 12 ಗ್ರಾಂ. ಕಂಬಿಯನ್ನು ಪೈಪಿನೊಳಗೆ ತೂರಿಸಿದರೆ ಒಟ್ಟು 69. ನಳಿಗೆಯದು 68! ತಕ್ಕಡಿ ನೋಡಿ ನನಗೇ ನಗು ಬಂತು. ಬರೀ ಕಂಬಿ ಇಟ್ಟುಕೊಂಡರೆ ಅದೇ 7/8 ಇಂಚಿನ ನಳಿಗೆಯ ತೂಕ. ಎರಡನ್ನೂ ಪುಕ್ಕಟೆ ಅನ್ನುವ ಹಾಗೆ ಪರೀಕ್ಷೆ ಮಾಡಬಹುದು.

ಹಳೇ ಡೆಕ್ಕಿನ ಹಲಗೆಯೊಂದನ್ನು ಕೋವಿಯ ಹಿಂಬದಿಯ ಆಕಾರಕ್ಕೆ ಗರಗಸದಲ್ಲಿ ಕೊಯ್ದೆ. ಭುಜದಿಂದ ಟ್ರಿಗರ್‌ಗೆ 13.5 ಇಂಚು, ನನ್ನ ಕೈಗೆ ಸರಿ. ಲಾಕಿನ ಜಾಗದಲ್ಲಿ ಅಷ್ಟೇ ತೂಕದ ಕಬ್ಬಿಣದ ಪಟ್ಟಿ ಬಿಗಿದೆ. ಪೈಪನ್ನು ಎರಡು ಹೋಸ್ ಕ್ಲಾಂಪಿನಲ್ಲಿ ಕಟ್ಟಿದೆ. ಪೈಪಿನ ಮೇಲೆ 42, 38, 36, 32ರ ಗುರುತು. ಉದ್ದದಿಂದ ಶುರುಮಾಡಿ ಒಂದೊಂದಾಗಿ ಕೊಯ್ಯುತ್ತಾ ಹೋಗುವುದು, ಪ್ರತಿ ಉದ್ದಕ್ಕೂ ಕಾಡಿಗೆ ಒಯ್ಯುವುದು.

ಇಲ್ಲಿನ ಗುಡ್ಡದ ಮೇಲೆ ಮೌಂಟನ್ ಲಾರೆಲ್ ಅನ್ನುವ ಪೊದೆ. ಎದೆಮಟ್ಟ, ಕೆಲವು ಕಡೆ ಆಳುದ್ದ, ಕೊಂಬೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ, ಎಲೆ ಚಳಿಗಾಲದಲ್ಲೂ ಉದುರುವುದಿಲ್ಲ. ಜಿಂಕೆ ಮಲಗುವುದೂ ಅದರೊಳಗೇ. 42 ಇಂಚಿನ ಪೈಪು ಹಿಡಿದು ಒಳಗೆ ನುಗ್ಗಿದರೆ ಪ್ರತಿ ತಿರುವಿನಲ್ಲೂ ಮೂತಿ ಸಿಕ್ಕಿಹಾಕಿಕೊಳ್ಳುತ್ತದೆ. ಫೋನಿನಲ್ಲಿ ತೀರ್ಥಹಳ್ಳಿಯ ಚಿಕ್ಕಪ್ಪನಿಗೆ ಇದನ್ನು ಹೇಳಿದರೆ, "ಅಷ್ಟುದ್ದ ಯಾಕೋ ಮಾರಾಯ, ಅಡಿಕೆ ದೋಟಿ ಹಿಡ್ಕಂಡು ಹೋಗ್ತೀಯಾ ಬೇಟೆಗೆ?" ಅಂದರು. 36, 32ರಲ್ಲಿ ಆರಾಮಾಗಿ ಓಡಾಡಬಹುದು.

ಆದರೆ ನಿಂತು ಗುರಿ ಹಿಡಿದಾಗ ಕಥೆ ಉಲ್ಟಾ. 32 ಇಂಚಿನದು ಭುಜಕ್ಕೆ ಬೇಗ ಬರುತ್ತದೆ, ಬಂದ ಮೇಲೆ ಮೂತಿ ಕುಣಿಯುತ್ತದೆ. 42 ನಿಧಾನ, ಬಂದ ಮೇಲೆ ನಿಂತ ಕಡೆ ನಿಲ್ಲುತ್ತದೆ, ಹತ್ತು ಸೆಕೆಂಡು ಕಳೆದರೆ ಎಡಗೈ ನಡುಗಲಿಕ್ಕೆ ಶುರು. ಚಕಮಕಿಯಲ್ಲಿ ಇದು ಮುಖ್ಯ, ಯಾಕೆಂದರೆ ಟ್ರಿಗರ್ ಎಳೆದು, ಕಲ್ಲು ಉಕ್ಕಿಗೆ ತಾಗಿ, ಕಿಡಿ ಬಿದ್ದು, ಬಟ್ಟಲಿನ ಪುಡಿ ಹತ್ತಿ, ಆ ಬೆಂಕಿ ತೂತಿನಿಂದ ಒಳಗೆ ಹೋಗಿ ಈಡು ಹಾರುವ ತನಕ ಮೂತಿ ಅಲುಗಬಾರದು. ಮುಂದೆ ಸ್ವಲ್ಪ ಭಾರ ಇದ್ದರೆ ಒಳ್ಳೆಯದೇ. ಎಷ್ಟು ಸ್ವಲ್ಪ ಅನ್ನುವುದು ನಿಮ್ಮ ತೋಳಿಗೆ ಬಿಟ್ಟದ್ದು.

ಮೂರನೆಯದು ಮದ್ದು ತುಂಬುವುದು. ನನ್ನ ಎತ್ತರ 5 ಅಡಿ 5 ಇಂಚು. 42 ಇಂಚಿನ ನಳಿಗೆ ಅಂದರೆ ಇಡೀ ಕೋವಿ 57.5 ಇಂಚು. ನೆಲಕ್ಕೆ ಊರಿ ನಿಲ್ಲಿಸಿದರೆ ಬಾಯಿ ನನ್ನ ಗಲ್ಲದ ಮೇಲೆ ಬರುತ್ತದೆ. ಮದ್ದು ತುಂಬುವಾಗ ಮುಖ ಅಲ್ಲಿ ಇರಬಾರದು, ಇದರಲ್ಲಿ ರಾಜಿ ಇಲ್ಲ. ಓರೆ ಮಾಡಿ ತುಂಬಬೇಕು, ಓರೆಯಾದರೆ ಜಡಿಯುವ ಕೋಲಿನ ಮೇಲೆ ಬಲ ನೇರ ಬೀಳುವುದಿಲ್ಲ, ಮರದ ಕೋಲು ಮುರಿದು ಅಂಗೈಗೆ ಚುಚ್ಚುವುದು ಹೀಗೆಯೇ. 38 ಇಂಚಿಗೆ ಬಾಯಿ ಭುಜದ ಮಟ್ಟ. ಮುಖ ಪಕ್ಕಕ್ಕೆ ತಿರುಗಿಸಿ, ಕೋಲನ್ನು ಆರೇಳು ಇಂಚು ಮೇಲೆ ಹಿಡಿದು ಸ್ವಲ್ಪ ಸ್ವಲ್ಪವಾಗಿ ಒತ್ತುವುದು ಸಲೀಸು. ದಪ್ಪ ಕೋಟು, ಕೈಗವಸು ಹಾಕಿಕೊಂಡು ಮಾಡಿ ನೋಡಿ, ಬನಿಯನ್ನಿನಲ್ಲಿ ಗ್ಯಾರೇಜಿನೊಳಗೆ ಮಾಡಿದರೆ ಎಲ್ಲಾ ಉದ್ದವೂ ಸುಲಭವೇ. ಜುಲೈ ಬಿಸಿಲಲ್ಲಿ ಜಾಕೆಟ್ ಹಾಕಿಕೊಂಡು ಪಿವಿಸಿ ಪೈಪಿಗೆ ಕೋಲು ಜಡಿಯುವುದನ್ನು ಪಕ್ಕದ ಮನೆಯವರು ನೋಡಿದರು. ಏನೂ ಕೇಳಲಿಲ್ಲ.

ಪೈಪಿನ ತೀರ್ಪು: 36 ಮತ್ತು 38ರ ನಡುವೆ.

ಆಗಸ್ಟ್: ಕತ್ತರಿಸುವ ಮೊದಲು ವೇಗದ ಲೆಕ್ಕ

ಉದ್ದ ಕಡಿಮೆ ಮಾಡಿದರೆ "ಹೊಡೆತ" ಕಡಿಮೆ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಅಂತ ಕೇಳಿದರೆ ಉತ್ತರ ಇರುವುದಿಲ್ಲ. ಅದಕ್ಕೆ ಬಣ್ಣ, ಎಣ್ಣೆ ಏನೂ ಇಲ್ಲದ ಬೋಳು ಮರದಲ್ಲೇ ನಳಿಗೆ ಕೂರಿಸಿ, ಪಿನ್ನು ಹಾಕಿ, ಮೊದಲು 42 ಇಂಚಿನಲ್ಲೇ ಹೊಡೆದು ಅಳೆದೆ. ಆಮೇಲೆ 38ರಲ್ಲಿ ಅದೇ ಮದ್ದು. ಗೆಳೆಯರೊಬ್ಬರ 32 ಇಂಚಿನ .50 ರೈಫಲನ್ನೂ ಅದೇ ಮದ್ದಿನಲ್ಲಿ ಅಳೆದೆವು. ನಳಿಗೆ ಬೇರೆಯಾದ್ದರಿಂದ ಆ ಅಂಕಿಯನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಮದ್ದು: ಮೂರು-ಎಫ್ (ಸಣ್ಣ ಕಾಳಿನ) ಕಪ್ಪು ಮದ್ದು 70 ಗ್ರೇನ್ (ಗ್ರೇನ್ ಅಂದರೆ ಮದ್ದು, ಗುಂಡು ತೂಗುವ ಸಣ್ಣ ಅಳತೆ, ಸುಮಾರು 15 ಸೇರಿದರೆ ಒಂದು ಗ್ರಾಂ). ಗುಂಡು: .490 ಇಂಚಿನ ಶುದ್ಧ ಸೀಸ, 177 ಗ್ರೇನ್. ಬಟ್ಟೆ: .015 ಇಂಚು ದಪ್ಪದ ಹತ್ತಿ ಟಿಕ್ಕಿಂಗ್ (ಒತ್ತಾಗಿ ನೇಯ್ದ ಗಟ್ಟಿ ಬಟ್ಟೆ), ಎಣ್ಣೆ ಸವರಿದ್ದು. ಪ್ರತಿ ಈಡಿಗೂ ಒಮ್ಮೆ ನಳಿಗೆ ಒರೆಸುವುದು.

42 ಇಂಚು: ಸರಾಸರಿ ಸೆಕೆಂಡಿಗೆ 1,846 ಅಡಿ.
38 ಇಂಚು: 1,809 ಅಡಿ.
ಗೆಳೆಯರ 32 ಇಂಚು: 1,738 ಅಡಿ.

ನನ್ನ ನಳಿಗೆಯಲ್ಲಿ ಇಂಚಿಗೆ ಒಂಬತ್ತು ಅಡಿಯಷ್ಟು. ನಾಲ್ಕು ಇಂಚು ಕೊಯ್ದದ್ದಕ್ಕೆ 37 ಅಡಿ ಹೋಯಿತು. ಅದೇ ನಳಿಗೆ, ಅದೇ ಮದ್ದು, ಒಂದು ಈಡಿಂದ ಇನ್ನೊಂದು ಈಡಿಗೆ ವ್ಯತ್ಯಾಸ ನೋಡಿದರೆ ಅದೇ 40 ಅಡಿ ಬರುತ್ತಿದೆ! ಇನ್ನೊಂದು ವಿಷಯ. ಉರುಟು ಗುಂಡು ಗಾಳಿಗೆ ಬಹಳ ಬೇಗ ಸೋಲುತ್ತದೆ. 1,800ರಲ್ಲಿ ಹೊರಟದ್ದು ನೂರು ಗಜ ಹೋಗುವಷ್ಟರಲ್ಲಿ ಸಾವಿರದ ಹತ್ತಿರ ಬಂದುಬಿಡುತ್ತದೆ. ಜೋರಾಗಿ ಹೊರಟದ್ದು ಜೋರಾಗಿಯೇ ಸೋಲುತ್ತದೆ. ಹಾಗಾಗಿ ಬಾಯಿಯಲ್ಲಿ ಇದ್ದ 37 ಅಡಿಯ ಅಂತರದಲ್ಲಿ ನೂರು ಗಜದಲ್ಲಿ ಹತ್ತು ಹದಿನೈದು ಉಳಿದರೆ ಹೆಚ್ಚು. ನಾನಂತೂ ಐವತ್ತು ಅರವತ್ತು ಗಜದಾಚೆ ಹೊಡೆಯುವವನಲ್ಲ, ಆ ಲಾರೆಲ್ ಪೊದೆಯಲ್ಲಿ ಅದಕ್ಕಿಂತ ದೂರ ಕಾಣುವುದೂ ಇಲ್ಲ. ಜಿಂಕೆಗೆ ಈ ಲೆಕ್ಕ ಗೊತ್ತಾಗುವುದಿಲ್ಲ. ಕಡಿಮೆ ಅನ್ನಿಸಿದರೆ ಐದು ಗ್ರೇನ್ ಮದ್ದು ಜಾಸ್ತಿ ಹಾಕಿದರೆ ಆಯಿತು, ನಳಿಗೆ ಮಾಡಿದವರು ಹೇಳಿದ ಮಿತಿಯೊಳಗೆ.

ವೇಗಕ್ಕೋಸ್ಕರ ಉದ್ದದ ನಳಿಗೆ ಬೇಕು ಅನ್ನುವ ಮಾತು ನನ್ನ ಮಟ್ಟಿಗೆ ಇಲ್ಲಿಗೆ ಮುಗಿಯಿತು. ಉದ್ದದ ಪ್ರಶ್ನೆ ತೋಳಿನದು, ಕಣ್ಣಿನದು, ಮದ್ದು ತುಂಬುವ ಕೈಯದು.

ಆಗಸ್ಟ್ ಕೊನೆ: ಕೊಯ್ತ

(ಮೇಲಿನ 38 ಇಂಚಿನ ಅಂಕಿ ಈ ಕೊಯ್ತ ಆದಮೇಲಿನದು. ಒಂದೇ ಕಡೆ ಇರಲಿ ಅಂತ ಮೇಲೆ ಬರೆದೆ.)

ಮೊದಲು ನಳಿಗೆ ಖಾಲಿ ಇದೆಯಾ ನೋಡಬೇಕು. ಕೋಲು ಒಳಗೆ ಬಿಟ್ಟು ಬಾಯಿ ಹತ್ತಿರ ಗುರುತು ಹಾಕಿ, ಅದನ್ನೇ ಹೊರಗೆ ನಳಿಗೆಯ ಪಕ್ಕ ಇಟ್ಟರೆ ತುದಿ ಬುಡದ ಬೆಂಕಿ ತೂತಿನ ತನಕ ಬರಬೇಕು. ಬರಲಿಲ್ಲ ಅಂದರೆ ಒಳಗೆ ಏನೋ ಇದೆ. ಮೊದಲು ಅದನ್ನು ತೆಗೆಯಬೇಕು.

ಉಪಕರಣ: ವೈಸ್, ಅದರ ದವಡೆಗೆ ಮರದ ಪಟ್ಟಿ, ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡು ಎರಡು, ದೊಡ್ಡ ಚಪ್ಪಟೆ ಅರ, ಮೂಲೆಮಟ್ಟ, ಗುರುತಿಗೆ ಮಾಸ್ಕಿಂಗ್ ಟೇಪು.

ಮೊದಲ ಕೊಯ್ತ 38 ಇಂಚಿಗೆ ಅಲ್ಲ, 38 ಇಂಚು ಮತ್ತು ಕಾಲಿಗೆ. ಆ ಕಾಲಿಂಚು ಇಟ್ಟುಕೊಂಡದ್ದೇ ಬಚಾವು. ಒಂದೇ ಕಡೆಯಿಂದ ಕೊಯ್ಯುತ್ತಾ ಹೋದರೆ ಬ್ಲೇಡು ಕೆಳಗೆ ಹೋದಹಾಗೆ ಓರೆಯಾಗುತ್ತದೆ. ಆಚೆ ಬಂದಾಗ 1/16 ಇಂಚು ತಪ್ಪಿತ್ತು. ಅರದಲ್ಲಿ ಸಮ ಮಾಡಲಿಕ್ಕೆ ಒಂದಿಡೀ ಸಂಜೆ. ಸರಿಯಾದ ವಿಧಾನ: ಎಂಟೂ ಮುಖದ ಮೇಲೆ ಸುತ್ತಲೂ ಟೇಪು ಅಂಟಿಸಿ, ಒಂದು ಮುಖಕ್ಕೆ ಒಂದಿಷ್ಟು ಕಚ್ಚು ಹಾಕಿ, ನಳಿಗೆ ತಿರುಗಿಸಿ ಮುಂದಿನ ಮುಖ, ಹೀಗೇ ಸುತ್ತು ಬರುವುದು. ಕಚ್ಚುಗಳೇ ಬ್ಲೇಡಿಗೆ ದಾರಿ ತೋರಿಸುತ್ತವೆ. ಆಮೇಲೆ ಅರ ಹಾಕಿ ಎಲ್ಲಾ ಮುಖಕ್ಕೂ ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದು ನೋಡುವುದು. ಬೆಳಕು ಎಲ್ಲೂ ತೂರಬಾರದು.

ಮುಂದಿನ ಮರವನ್ನೂ ಅಷ್ಟೇ ಕೊಯ್ಯಬೇಕು. ಅದಕ್ಕೇ ಮೂತಿಯ ಹಿತ್ತಾಳೆ ಟೋಪಿ, ಕೋಲು ಹೋಗುವ ಕೊಳವೆಗಳು, ಕೊನೆಯ ಪಿನ್ನು ಇವನ್ನೆಲ್ಲ ಉದ್ದ ಗಟ್ಟಿಯಾಗುವ ತನಕ ಹಾಕಬಾರದು.

ಸೆಪ್ಟೆಂಬರ್: ಬಾಯಿ ಅಂಚು, ಇದೇ ನಿಜವಾದ ಕೆಲಸ

ನಾಲ್ಕು ಇಂಚು ಜಾಸ್ತಿಯೋ ಕಡಿಮೆಯೋ ಅನ್ನುವುದಕ್ಕಿಂತ, ಗುಂಡು ಕೊನೆಗೆ ಬಿಟ್ಟುಹೋಗುವ ಆ ಅಂಚು ಹೇಗಿದೆ ಅನ್ನುವುದು ಹತ್ತು ಪಟ್ಟು ಮುಖ್ಯ.

ಮೊದಲು ಡ್ರಿಲ್‌ಗೆ ತೂತಿನ ಬಾಯಿ ಓರೆ ಮಾಡುವ ಕೌಂಟರ್‌ಸಿಂಕ್ ಬಿಟ್ ಹಾಕಿ ಅಂಚು ತೆಗೆದೆ. ನೋಡಲಿಕ್ಕೆ ಚೆನ್ನಾಗೇ ಇತ್ತು. ಐವತ್ತು ಗಜದಲ್ಲಿ ಗುಂಡುಗಳು ಆರಿಂಚು ಅಗಲಕ್ಕೆ ಚೆಲ್ಲಿದವು. ಕಾರಣ ಹೇಳಿದ್ದು ಬಟ್ಟೆ ಚೂರುಗಳು. ಗುಂಡಿಗೆ ಸುತ್ತಿದ ಬಟ್ಟೆ ಹತ್ತು ಹದಿನೈದು ಗಜ ಮುಂದೆ ಹುಲ್ಲಲ್ಲಿ ಬಿದ್ದಿರುತ್ತದೆ, ಹೆಕ್ಕಿ ನೋಡಬೇಕು. ಸರಿಯಿದ್ದರೆ ನಡುವೆ ಮಸಿಯ ಉರುಟು, ಸುತ್ತ ಗೀರಿನ ಗುರುತು, ಅಂಚು ಎಳೆ ಬಿಟ್ಟುಕೊಂಡಿರುತ್ತದೆ, ಅಷ್ಟೇ. ನನ್ನವು ಮಸಿಯ ಉರುಟಿನ ಸುತ್ತ, ಗೀರು ಕೂತ ಕಡೆಯಲ್ಲೆಲ್ಲ ಬ್ಲೇಡಿನಲ್ಲಿ ಕೊಯ್ದ ಹಾಗೆ ಸೀಳಿದ್ದವು. ಭೂತಗನ್ನಡಿ ಹಿಡಿದು ಬಾಯಿ ನೋಡಿದರೆ ಬಿಟ್ ಅದುರಿ ಮಾಡಿದ ಸಣ್ಣ ಸಣ್ಣ ಮೆಟ್ಟಿಲು, ಗೀರಿನ ಏಣುಗಳು ಚೂಪಾಗಿ ನಿಂತಿವೆ.

ಡ್ರಿಲ್ ಬದಿಗಿಟ್ಟು ಕೈಯಲ್ಲೇ ಮಾಡಿದೆ. ಉರುಟು ತಲೆಯ ದೊಡ್ಡ ಹಿತ್ತಾಳೆ ಸ್ಕ್ರೂಗೆ ವಾಲ್ವ್ ತಿಕ್ಕುವ ಪೇಸ್ಟ್ ಹಚ್ಚಿ, ಬಾಯಿಗೆ ಒತ್ತಿ, ಕೈಯಲ್ಲೇ ತಿರುಗಿಸುತ್ತಾ ಕೋನವನ್ನೂ ಬದಲಿಸುತ್ತಾ ಹೋಗುವುದು. ಮೆಟ್ಟಿಲು ಹೋದ ಮೇಲೆ ಎಮರಿ ಪೇಪರ್, 220, ಆಮೇಲೆ 320, ಆಮೇಲೆ 400. ಪೇಪರನ್ನು ಹೆಬ್ಬೆರಳಲ್ಲಿ ಬಾಯಿಗೆ ಒತ್ತಿ ತಿರುಗಿಸುವುದು, ಆಗಾಗ ನಳಿಗೆಯನ್ನೂ ಕಾಲು ಸುತ್ತು ತಿರುಗಿಸುವುದು, ಇಲ್ಲದಿದ್ದರೆ ಒಂದೇ ಕಡೆ ಸವೆಯುತ್ತದೆ. ಹೆಬ್ಬೆರಳಿನ ಚರ್ಮ ಹೋಗುತ್ತದೆ, ಟೇಪು ಸುತ್ತಿಕೊಳ್ಳಿ. ಒಳಗೆ ಮೊದಲೇ ಎಣ್ಣೆ ಬಟ್ಟೆ ತುರುಕಿಡಬೇಕು, ಪುಡಿ ಕೆಳಗೆ ಇಳಿಯದ ಹಾಗೆ.

ಆದಮೇಲೆ ಅದೇ ಮದ್ದು, ಅದೇ ಐವತ್ತು ಗಜ, ಎರಡೂವರೆ ಇಂಚು. ಬಟ್ಟೆ ಚೂರು ತೊಳೆದರೆ ಇನ್ನೊಮ್ಮೆ ಬಳಸಬಹುದು ಅನ್ನುವಷ್ಟು ಚೆನ್ನಾಗಿ ಬಂದವು. ಇನ್ನೊಂದು ಅನುಕೂಲ, ಅಂಚು ನುಣುಪಾದ ಮೇಲೆ ಗುಂಡನ್ನು ಬೆರಳಲ್ಲೇ ಒತ್ತಿ ಬಾಯಿಗೆ ಕೂರಿಸಬಹುದು, ಸುತ್ತಿಗೆ ಬೇಡ.

ಅಕ್ಟೋಬರ್: ಸೈಟು, ಕಣ್ಣು

ಐವತ್ತು ದಾಟಿದವರಿಗೆ ಈ ಭಾಗ. ಕಾರ್ಖಾನೆ ಅಳತೆಯಲ್ಲಿ ಹಿಂದಿನ ಸೈಟು (ಗುರಿ ನೋಡುವ ಕಚ್ಚು ಇರುವ ತುಂಡು) ಬುಡದಿಂದ 9.5 ಇಂಚಿಗೆ ಬರುತ್ತದೆ. ಅಲ್ಲಿ ಇಟ್ಟರೆ ನನಗೆ ಅದರ ಕಚ್ಚು ಮಬ್ಬಾಗಿ ಎರಡೆರಡು ಕಾಣುತ್ತದೆ. ಡವ್‌ಟೇಲ್, ಅಂದರೆ ಸೈಟು ಕೂರುವ ಗಾಡಿ, ಕೊಯ್ಯುವ ಮೊದಲು ಸೈಟನ್ನು ಎರಡು ಕಡೆ ಅಂಟುವ ಟೇಪಿನಲ್ಲಿ ನಳಿಗೆ ಮೇಲೆ ಅಂಟಿಸಿ ಮುಂದೆ ಹಿಂದೆ ಜಾರಿಸಿ ನೋಡಿದೆ, ಮನೆಯೊಳಗೆ ಅಲ್ಲ, ಸಂಜೆ ಬೆಳಕಿನಲ್ಲಿ ಹಿತ್ತಲಲ್ಲಿ. 11 ಇಂಚಿಗೆ ಸ್ಪಷ್ಟವಾಯಿತು. ಮುಂದಿನ ಸೈಟು ಬಾಯಿಂದ ಒಂದಿಂಚು ಹಿಂದೆ. ಎರಡರ ನಡುವೆ 26 ಇಂಚು.

42 ಇಂಚಿನಲ್ಲೇ ಬಿಟ್ಟಿದ್ದರೆ ಇದು 30 ಇಂಚು ಆಗುತ್ತಿತ್ತು. ಎರಡು ಸೈಟಿನ ನಡುವಿನ ದೂರ ಜಾಸ್ತಿ ಇದ್ದಷ್ಟೂ ಗುರಿಯ ತಪ್ಪು ಕಡಿಮೆ, ನಿಜವೇ. ಲೆಕ್ಕ ಹಾಕಿದರೆ, ಮುಂದಿನ ಸೈಟು ಕಚ್ಚಿನ ನಡುವಿಂದ ಇಂಚಿನ ನೂರರಲ್ಲಿ ಒಂದು ಭಾಗ ಸರಿದರೆ ಐವತ್ತು ಗಜದಲ್ಲಿ 30 ಇಂಚಿಗೆ 0.6 ಇಂಚು ತಪ್ಪು, 26 ಇಂಚಿಗೆ 0.7. ಈ ವ್ಯತ್ಯಾಸಕ್ಕೆ ನಾನು ಕಾಲು ಕೆಜಿ ಹೊರುವುದಿಲ್ಲ. ಆದರೆ 28 ಇಂಚಿನ ನಳಿಗೆಯಲ್ಲಿ ಹೀಗೆಯೇ ಸೈಟು ಮುಂದಕ್ಕೆ ತಂದಿದ್ದರೆ ನಡುವೆ ಉಳಿಯುತ್ತಿದ್ದದ್ದು 16 ಇಂಚು, ತಪ್ಪು ಒಂದಿಂಚು ದಾಟುತ್ತದೆ. ಗಿಡ್ಡ ನಳಿಗೆ ನಮ್ಮ ವಯಸ್ಸಿನವರ ಕಣ್ಣಿಗೆ ಆಗಿಬರುವುದಿಲ್ಲ ಅನ್ನುವುದು ಇದಕ್ಕೇ.

ಮುಂದಿನ ಸೈಟು ಬೇಕಂತಲೇ ಎತ್ತರದ್ದು ತಂದೆ, 12 ಡಾಲರ್. ಎತ್ತರ ಇದ್ದರೆ ಗುಂಡು ಕೆಳಗೆ ಬೀಳುತ್ತದೆ, ಅರ ಹಾಕಿ ಇಳಿಸಬಹುದು. ಗಿಡ್ಡ ತಂದರೆ ಬೆಳೆಸಲಿಕ್ಕಾಗುವುದಿಲ್ಲ. ಐವತ್ತು ಗಜದಲ್ಲಿ ಏಳು ಇಂಚು ಕೆಳಗೆ ಬಿತ್ತು. ಲೆಕ್ಕದ ಪ್ರಕಾರ ಇಂಚಿನ ಹತ್ತರಲ್ಲೊಂದು, ಅಂದರೆ 2.5 ಮಿಮೀ ತೆಗೆಯಬೇಕು. 2 ಮಿಮೀ ತೆಗೆದು ನಿಲ್ಲಿಸಿದ್ದೇನೆ. ಉಳಿದದ್ದು ಚಳಿಗಾಲದ ಮದ್ದು ಯಾವುದು ಅಂತ ಗಟ್ಟಿಯಾದ ಮೇಲೆ.

36ಕ್ಕೆ ಇಳಿಸಲಿಲ್ಲ. ಕೋವಿಯ ಸಮತೂಕದ ಜಾಗ 42ರಲ್ಲಿ ಬುಡದಿಂದ 12.5 ಇಂಚು ಮುಂದೆ ಇತ್ತು, 38ರಲ್ಲಿ 10.5ಕ್ಕೆ ಬಂತು. ನನ್ನ ಎಡಗೈ ಸಹಜವಾಗಿ ಹೋಗಿ ಕೂರುವ ಜಾಗ ಹೆಚ್ಚುಕಡಿಮೆ ಅದೇ. ಇಡೀ ಕೋವಿ 4.1 ಕೆಜಿ. ನಿಂತು ಹೊಡೆದಾಗ ಮೂತಿ ನಿಲ್ಲುತ್ತದೆ, ಪೊದೆಯಲ್ಲಿ ಸ್ವಲ್ಪ ಸಿಕ್ಕಿಕೊಳ್ಳುತ್ತದೆ, ಅದನ್ನು ಸಹಿಸಿಕೊಳ್ಳಬಹುದು. ನೀವು ಆರಡಿ ಎತ್ತರ ಇದ್ದರೆ, ಅಥವಾ ತೆಳು ಮೂತಿಯ ನಳಿಗೆ ಸಿಕ್ಕಿದರೆ, 42ನ್ನು ಮುಟ್ಟಬೇಡಿ. ಮರದ ಮೇಲಿನ ಅಟ್ಟದಲ್ಲಿ ಕೂತು ಬೇಟೆ ಮಾಡುವವರಾದರೆ 32 ನೋಡಿ, ಅಲ್ಲಿ ಎರಡನೇ ಈಡು ತುಂಬುವಾಗ ಉದ್ದದ ಕೋಲು ತಲೆನೋವು.

ನಳಿಗೆಯ ಲೆಕ್ಕಕ್ಕೆ ಆದ ಖರ್ಚು: ನಳಿಗೆ 140, ಕಂಬಿ ಮತ್ತು ಪೈಪು 15, ಬ್ಲೇಡು, ಪೇಪರ್, ಪೇಸ್ಟ್ ಸೇರಿ 22, ಮುಂದಿನ ಸೈಟು 12, ಹಿಕರಿ ಮರದ 3/8 ಇಂಚಿನ ಕೋಲು 11. ಒಟ್ಟು 200 ಡಾಲರ್. ಮದ್ದು, ಗುಂಡು, ಕಲ್ಲು ಇದರಲ್ಲಿ ಸೇರಿಲ್ಲ, ಅದನ್ನು ಮನೆಯಲ್ಲಿ ಬೇರೆ ಚೀಟಿಯಲ್ಲಿ ಬರೆದಿಡುವುದು ಕ್ಷೇಮ.

ಉಳಿದ ಕೆಲಸ: ಹಿತ್ತಾಳೆ ಟೋಪಿ, ಕೊಳವೆ, ಕೊನೆಯ ಪಿನ್ನು. ಪಿನ್ನಿನ ತೂತನ್ನು ನಳಿಗೆಯ ಕೊಂಡಿಯಲ್ಲಿ ಉದ್ದಕ್ಕೆ ಸ್ವಲ್ಪ ಅಗಲ ಮಾಡಬೇಕು, ಮರ ಹವೆಗೆ ಹಿಗ್ಗಿ ಕುಗ್ಗಿದರೂ ನಳಿಗೆಯನ್ನು ಎಳೆಯದ ಹಾಗೆ. ಬಣ್ಣ ಆಮೇಲೆ.